ಕೈ ಸುಟ್ಟ ಮೇಲೆ ಎಚ್ಚರಿಸಿದ ಕ್ಯಾಸೆಟ್

ಲಕ್ಷ್ಮೇಶ್ವರದ ದಿಲಶಾದಬಿಯ ಬಲಗೈ ಸುಟ್ಟಿದೆ. ಒಲೆಯಿಂದಲ್ಲ, ಪಾಠದಿಂದ!

ಮಹಿಳಾ ಮಂಡಳಕ್ಕೆ ಸಾಬೂನು ಮಾಡುವುದನ್ನು ಕಲಿಸುವ ಕ್ಯಾಸೆಟ್ ಬಂದಿತ್ತು. ಟೇಪ್ ರೆಕಾರ್ಡರ್ ಹೇಳಿತು: "ಕಾಸ್ಟಿಕ್ ಸೋಡಾವನ್ನು ನೀರಿಗೆ ಹಾಕಿ ಕದಡಿರಿ." ದಿಲಶಾದಬಿ ಕೈಯಿಂದಲೇ ಕದಡಿದಳು. ರಬ್ಬರ್ ಕೈಗವಸು ಹಾಕಿಕೊಳ್ಳಬೇಕು, ಕೋಲಿನಿಂದ ಕದಡಬೇಕು ಎಂಬ ಮಾತು ಇದ್ದದ್ದು ಕ್ಯಾಸೆಟ್ಟಿನ ಎರಡನೆಯ ಮಗ್ಗುಲಿನ ಕೊನೆಯಲ್ಲಿ!

ಮಂಡಳದಲ್ಲಿ ಹೊಲಿಗೆ ಕಲಿಸುವ ಗದಿಗೆವ್ವ, ಪಾಠ ಬರೆದು ಓದಿದ ದೇವೇಂದ್ರಪ್ಪ ಮಾಸ್ತರರ ಮನೆಗೆ ನೇರ ಹೋದಳು.

"ಮಾಸ್ತರ್ರ, ಇದೆಂಥಾ ಪಾಠರಿ?"

"ಪುಸ್ತಕದಾಗ ಇದ್ದಂಗ ಓದೇನವಾ. ಆಕಿ ಪೂರ್ತಿ ಕೇಳಬೇಕಿತ್ತು."

"ಪೂರ್ತಿ ಕೇಳಿ ಕೈ ಮುಗಿಯಾಕ ಅದೇನು ಪುರಾಣೇನ್ರಿ? ಅದು ಹೇಳತೈತಿ, ನಾವು ಮಾಡತೇವಿ."

"ಕ್ಯಾಸೆಟ್ ಸೋಮವಾರ ಅಸುಂಡಿಗೆ ಹೊಂಟೈತಿ. ಆಮ್ಯಾಲೆ ಮುಂಡರಗಿ ಕಡೆ ಹತ್ತು ಹಳ್ಳಿಗೆ. ಈಗ ತಿದ್ದಾಕ ಪುರಸೊತ್ತಿಲ್ಲ."

"ಹತ್ತು ಹಳ್ಳ್ಯಾಗ ಎಷ್ಟು ಕೈ ಸುಡಬೇಕಂತೀರಿ?"

ಮಾಸ್ತರರು ಗೊಣಗುತ್ತಲೇ ಎಚ್ಚರಿಕೆಯನ್ನು ಮೊದಲಿಗೆ ತಂದು ಬರೆದರು. "ಆತಿಲ್ಲ? ಇನ್ನ ರೆಕಾರ್ಡ್ ಮಾಡತೇನಿ."

"ತಡೀರಿ," ಎಂದು ಗದಿಗೆವ್ವ ಪಕ್ಕದ ಮನೆಯ ತಿಪ್ಪವ್ವನನ್ನು ಕರೆದಳು. ತಿಪ್ಪವ್ವ ಸಾಬೂನು ಮಾಡಿದವಳೇ ಅಲ್ಲ. ಕೈ ಸುಡಬಾರದೆಂದು ಸೋಡಾದ ಬದಲು ಉಪ್ಪು ಇಟ್ಟರು. "ನೀವು ಓದ್ರಿ, ಈಕಿ ಮಾಡತಾಳ. ನಡುವ ಬಾಯಿ ಹಾಕಬ್ಯಾಡ್ರಿ. ಟೇಪ್ ಬಾಯಿ ಹಾಕೂದಿಲ್ಲ."

"ಪಾತ್ರೆಯಲ್ಲಿ ನೀರು ತೆಗೆದುಕೊಳ್ಳಿ," ಎಂದು ಮಾಸ್ತರರು ಓದಿದರು. ತಿಪ್ಪವ್ವ ಅಲ್ಯುಮಿನಿಯಂ ಬೋಗುಣಿಗೆ ಕೈ ಹಾಕಿದಳು.

"ಏ ತಂಗಿ, ಅದು ಬ್ಯಾಡ! ಕಾಸ್ಟಿಕ್ ಅದನ್ನ ತಿಂದುಬಿಡತೈತಿ!"

"ಮತ್ತ ಹೇಳಬೇಕಿಲ್ಲೇನ್ರಿ? ನಮ್ಮನ್ಯಾಗ ಇರೂದು ಇವೇ ಬೋಗುಣಿ."

ತಿಪ್ಪವ್ವ ಬೇರೆ ಪಾತ್ರೆಗೆ ನೀರು ಅಳೆಯುವಷ್ಟರಲ್ಲಿ ಮಾಸ್ತರರು ಮುಂದಿನ ಸಾಲು ಓದತೊಡಗಿದರು.

"ಇಷ್ಟು ಜಲ್ದಿ ಓದಿದ್ರ ಹೆಂಗ? ನಾ ಇನ್ನೂ ನೀರು ಅಳೆಯಾಕತ್ತೇನಿ."

ಗದಿಗೆವ್ವ ನಗಲಿಲ್ಲ. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಸ್ಟೀಲಿನ ಪಾತ್ರೆ ಎಂದು ಬರೆದರು. ಪ್ರತಿ ಕೆಲಸದ ನಂತರ "ಇಲ್ಲಿ ಟೇಪ್ ನಿಲ್ಲಿಸಿರಿ" ಎಂದು ಸೇರಿಸಿದರು. ಆಮೇಲೆ ತಾವೇ ಹೇಳಿದರು: "ಸೋಮವಾರ ಕಳಸೂದು ಬ್ಯಾಡವಾ. ನಾಳೆ ಮತ್ತೊಬ್ಬಾಕಿನ್ನ ಕರಕೊಂಡು ಬಾ. ಇನ್ನೆಲ್ಲಿ ತಪ್ಪೈತೋ ನೋಡೂಣು."

ಟೇಪ್, ರೇಡಿಯೋ, ಸ್ಲೈಡುಗಳಲ್ಲಿ ಪಾಠ ಮಾಡುವವರೇ, ನಿಮ್ಮನ್ನೇ ಕೇಳುತ್ತಿದ್ದೇವೆ. ಕಲಿಯುವವರು ಯಾರು, ಅವರ ಮನೆಯಲ್ಲಿ ಏನಿದೆ, ಪಾಠ ಮುಗಿದಾಗ ಅವರಿಗೆ ಏನು ಮಾಡಲು ಬರಬೇಕು, ಇಷ್ಟನ್ನು ಯಂತ್ರ ಮುಟ್ಟುವ ಮೊದಲೇ ಬರೆದುಕೊಳ್ಳಿ. ಏನೂ ಗೊತ್ತಿಲ್ಲದ ಒಬ್ಬರಿಂದ ಮಾಡಿಸಿ ನೋಡಿ. ಅವರು ತಪ್ಪಿದರೆ ಅವರನ್ನು ಬೈಯಬೇಡಿ, ಪಾಠ ತಿದ್ದಿರಿ. ಅದಕ್ಕೂ ಪುರಸೊತ್ತಿಲ್ಲವೇ? ಹಾಗಾದರೆ ದಯವಿಟ್ಟು ನಮ್ಮ ಊರಿಗೆ ಯಂತ್ರ ತರಬೇಡಿ!