ಗೋಡೆಯ ಬಂದೂಕಿನ ನಂಬರು

ಆ ಮನೆಯಲ್ಲಿ ಯಜಮಾನನಿಗಿಂತ ಗೋಡೆಯ ಮೇಲಿನ ಬಂದೂಕಿನದೇ ದರ್ಬಾರು. ಸೈನ್ಯದಿಂದ ಬರುವಾಗ ಮುದುಕ ತಂದದ್ದು. ಅದರಿಂದ ಹನ್ನೊಂದು ಜನರನ್ನು ಕೆಡವಿದ್ದೇನೆ ಅಂತ ಅವನೇ ಹೇಳಿದ್ದು, ಎದುರಾಡಿದವರಿಲ್ಲ. ಊಟ ಸ್ವಲ್ಪ ತಣ್ಣಗಾದರೂ ಅವನ ಕಣ್ಣು ಗೋಡೆಯ ಕಡೆ ಹೋಗುತ್ತಿತ್ತು. ಹೆಂಡತಿ ಆ ಕಣ್ಣನ್ನೇ ನೋಡಿಕೊಂಡು ನಲವತ್ತು ವರ್ಷ ಬಾಳಿದಳು.

ಮಗ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವವನು. ವಯಸ್ಸು ಮೂವತ್ತೊಂಬತ್ತಾದರೂ ಅಪ್ಪನ ಬಾಯಲ್ಲಿ ಅವನು 'ಪುಕ್ಕಲ'. ಒಂದೇ ಒಂದು ಸಲ ಮುದುಕ ಎಲ್ಲರೆದುರು ತಲೆ ತಗ್ಗಿಸಬೇಕು, ಅಷ್ಟೇ ಅವನ ಆಸೆ. ನಾನಂತೂ ಅವನನ್ನು ಬೈಯಲಾರೆ.

ಅಪ್ಪ ಕಣ್ಣಿನ ಆಪರೇಷನ್ನಿಗೆ ಹೋದ ದಿನ ಅವನು ಬಂದೂಕು ಇಳಿಸಿದ. ನಳಿಗೆಯ ಬಣ್ಣ ಕೆರೆದು, ಸೀಮೆಸುಣ್ಣ ತಿಕ್ಕಿದಾಗ ನಂಬರು ಎದ್ದು ಕಂಡಿತು. ಗುಂಡು ತುಂಬಲು ಹಿಂದೆಮುಂದೆ ಎಳೆಯುವ ಬೋಲ್ಟಿನ ಮೇಲೂ ಅದೇ ನಂಬರು. ಹಳೆಯ ಆಯುಧಗಳ ದಾಖಲೆ ಕಚೇರಿಗೆ ಕಾಗದ ಹಾಕಿದ. ಐದು ತಿಂಗಳಾದ ಮೇಲೆ ಬಂದ ಉತ್ತರ ಓದಿ ಅವನ ಹೊಟ್ಟೆಗೆ ಹಾಲು ಹುಯ್ದಂತಾಯಿತು.

ತಂಗಿ, ಅವಳ ಗಂಡ ಊಟಕ್ಕೆ ಬಂದ ಮಧ್ಯಾಹ್ನ ಗಟ್ಟಿಯಾಗಿ ಓದಿದ. ಆ ನಂಬರಿನ ಬಂದೂಕು ಯುದ್ಧವನ್ನೇ ಕಂಡಿರಲಿಲ್ಲ. ಅಪ್ಪ ಸೈನ್ಯ ಸೇರುವ ಮೊದಲೇ, ಗುಂಡಿಗೆ ಬಡಿಯುವ ಮೊಳೆ ಕತ್ತರಿಸಿ, ನಳಿಗೆಯ ಬುಡಕ್ಕೆ ತೂತು ಕೊರೆದು, ಗುಂಡು ಹಾರದಂತೆ ಮಾಡಿ ಅದನ್ನು ಕವಾಯತು ಕಲಿಯುವವರಿಗೆ ಕೊಟ್ಟಿದ್ದರು.

"ಹನ್ನೊಂದು ಜನಾನ ಹೇಗಪ್ಪಾ ಸಾಯಿಸ್ದೆ? ಹಿಡೀಲಿ ಚಚ್ಚಿದ್ಯಾ?"

ತಂಗಿಯ ಗಂಡ ಕಿಸಕ್ಕನೆ ನಕ್ಕ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ಮುದುಕ ಬಾಯಿ ಒರೆಸಿಕೊಂಡ.

"ನಂಗೆ ಗೊತ್ತಿತ್ತು ಕಣೋ ಪುಕ್ಕಲ. ಗುಂಡು ಬೇಕಾಗ್ಲೇ ಇಲ್ವಲ್ಲ. ನಿಮ್ಮಮ್ಮನ್ನ ಕೇಳು."

ತಾಯಿ ಸೌಟು ಹಿಡಿದು ನಿಂತಿದ್ದಳು. "ಮೊದ್ಲಿಂದಾನೂ ಹಾರ್ತಿರ್ಲಿಲ್ವಾ?"

"ಇಲ್ಲಮ್ಮ."

"ನಿಂಗಾಗ ಒಂದು ವರ್ಷ. ನಿನ್ನ ಎತ್ಕೊಂಡು ಬಸ್‌ಸ್ಟಾಪ್ ತನಕ ಹೋಗಿದ್ದೆ. ತವರಿಗೆ ಹೋದೋಳು ತಿರುಗಿ ಬರಬಾರ್ದು ಅಂತಾನೇ ಹೋಗಿದ್ದೆ. ಇವ್ರು ಅದನ್ನ ಕಂಬಳೀಲಿ ಸುತ್ಕೊಂಡು ಬಂದು ನಿನ್ನ ತಲೆಗೆ ಇಟ್ರು. ವಾಪಸ್ ಬಂದೆ."

ಮಗ ಅವಳ ಕೈ ಹಿಡಿಯಲು ಹೋದ. ಅವಳು ಕೊಡವಿಕೊಂಡಳು. ನಲವತ್ತು ವರ್ಷ ಯಾರ ಮೇಲೂ ಎತ್ತದ ದನಿಯನ್ನು ಅವನ ಮೇಲೆ ಎತ್ತಿದಳು.

"ನಿನ್ನ ಜೀವ ಉಳಿಸ್ದೆ ಅನ್ಕೊಂಡು ನೆಮ್ಮದಿಯಾಗಿ ಸಾಯ್ತಿದ್ನಲ್ಲೋ. ಯಾಕೋ ಓದ್ದೆ ಅದನ್ನ?"