ಬೇರೆ ತಟ್ಟೆ

ನದಿಯ ಮೇಲಕ್ಕೆ ಚಾಚಿಕೊಂಡಿದ್ದ ಮರದ ಅಟ್ಟಣೆಯಲ್ಲಿ ಹನ್ನೆರಡು ಮೇಜುಗಳಿದ್ದವು. ಮೇಸ್ತ್ರಿ ಕುರ್ಚಿ ಎಳೆದು ಕೂರುವ ಮೊದಲು ತಲೆಯೆತ್ತಿ, ತಾನೇ ಹಾಕಿದ್ದ ದೀಪಗಳ ಸಾಲನ್ನೊಮ್ಮೆ ನೋಡಿದ. ಈ ಸ್ಪ್ಯಾನಿಷ್ ಹೋಟೆಲಿನ ವೈರಿಂಗ್ ಪೂರ್ತಿ ಅವನದೇ ಕೆಲಸ. ನಾಲ್ಕು ತಿಂಗಳು ಏಣಿ ಹತ್ತಿ ಇಳಿದು, ಎಲ್ಲೂ ನದಿಯ ತೇವ ತಾಗದ ಹಾಗೆ ಮಾಡಿ ಮುಗಿಸಿದ್ದ. ಖುಷಿಯಾದ ಯಜಮಾನ, "ಭಾನುವಾರ ಮಧ್ಯಾಹ್ನ ಮನೆಯವರನ್ನೆಲ್ಲ ಕರ್ಕೊಂಡು ಊಟಕ್ಕೆ ಬನ್ನಿ" ಎಂದಿದ್ದ.

'ಎಲ್ಲ' ಎಂದರೆ ಗಂಡನ ಅಕ್ಕನೂ ಬರಲೇಬೇಕು ಎಂದು ಹೆಂಡತಿ ಹಟ ಹಿಡಿದಳು. ಅವನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಆ ಅಕ್ಕ. ಹಾಸಿಗೆ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಹತ್ತಿ ತುಂಬಿ, ಅವನ ಕೈಗೊಂದು ವಿದ್ಯೆ ಹತ್ತಿಸಿದ್ದಳು. ಮೂರು ವರ್ಷದ ಹಿಂದೆ ಅವಳಿಗೆ ಕ್ಷಯ ಬಂತು. ಆರು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗಿ ವಾಸಿಯಾದಳು. ಇನ್ನು ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಬರೆದೂ ಕೊಟ್ಟಿದ್ದರು. ಈಗ ಒಂದು ಬಟ್ಟೆ ಅಂಗಡಿಯ ಹಿಂಬದಿಯಲ್ಲಿ ಹೊಲಿಗೆ ಬಿಚ್ಚಿ ಅಳತೆ ಸರಿಮಾಡುವ ಕೆಲಸ ಮಾಡುತ್ತಿದ್ದಳು.

ರೋಗ ಅವಳ ಎದೆಯಿಂದ ಹೋಗಿತ್ತು. ತಮ್ಮನ ತಲೆಯಿಂದ ಹೋಗಿರಲಿಲ್ಲ. ಅವಳು ಬಂದುಹೋದ ಮೇಲೆ ಅವಳು ಕುಡಿದ ಲೋಟವನ್ನು ಅವನೇ ಕುದಿಯುವ ನೀರಿಗೆ ಹಾಕುತ್ತಿದ್ದ. ಹೆಂಡತಿ ಬೈದರೆ, "ಮಗು ಇರೋ ಮನೆ ಕಣೇ" ಎನ್ನುತ್ತಿದ್ದ. ಈ ಹೋಟೆಲಿನಲ್ಲಿ ಚಿಕ್ಕ ಚಿಕ್ಕ ತಟ್ಟೆಗಳನ್ನು ಮೇಜಿನ ನಡುವೆ ಇಟ್ಟು, ಎಲ್ಲರೂ ಅದರಿಂದಲೇ ತಿನ್ನುವುದು ಎಂದು ಅವನಿಗೆ ಗೊತ್ತಿತ್ತು. ಹಾಗಾಗಿ ಶನಿವಾರ ಯಾರಿಗೂ ಹೇಳದೆ ಹೋಟೆಲಿಗೆ ಫೋನ್ ಮಾಡಿದ್ದ.

ಮೊದಲು ಆಲಿವ್ ಕಾಯಿ ಬಂತು. ಆಮೇಲೆ ಟೊಮೆಟೊ ಉಜ್ಜಿದ ಬ್ರೆಡ್ಡು, ಬೆಳ್ಳುಳ್ಳಿ ಎಣ್ಣೆಯಲ್ಲಿ ಚುರುಗುಡುವ ಸೀಗಡಿ, ಖಾರದ ಸಾಸು ಸುರಿದ ಆಲೂಗಡ್ಡೆ.

"ತಟ್ಟೆ ನೋಡು, ಗೊಂಬೆ ಆಟಕ್ಕಿಟ್ಟ ಹಾಗಿದೆ," ಎಂದಳು ಅಕ್ಕ. "ಇವರೇನು ಊಟ ಹಾಕ್ತಾರೋ, ರುಚಿ ತೋರಿಸಿ ಓಡಿಸ್ತಾರೋ?"

ಮೇಸ್ತ್ರಿಯ ಮಗು ಪುಟ್ಟಿ ಕಿಸಕ್ಕನೆ ನಕ್ಕಿತು. ಏಳು ವರ್ಷದ ಆ ಮಗುವಿಗೆ ಅತ್ತೆ ಏನು ಹೇಳಿದರೂ ನಗು.

ಚುಚ್ಚಿ ತಿನ್ನಲೆಂದು ಕೊಟ್ಟಿದ್ದ ಮರದ ಕಡ್ಡಿಯಲ್ಲಿ ಅಕ್ಕ ಆಲೂಗಡ್ಡೆಗೆ ಕೈ ಚಾಚಿದಳು. ಅಷ್ಟರಲ್ಲಿ ಬಡಿಸುವವನು ಬಂದು, ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಹಾಕಿದ್ದ ದೊಡ್ಡ ತಟ್ಟೆಯೊಂದನ್ನು ಅವಳ ಮುಂದಿಟ್ಟ.

"ಇದು ನಿಮಗೆ ಮೇಡಂ. ಅಕ್ಕನಿಗೆ ಹುಷಾರಿಲ್ಲ, ಬೇರೆ ತಟ್ಟೆ ಬೇಕು ಅಂತ ಸರ್ ನಿನ್ನೆ ಹೇಳಿದ್ರು."

ಹೆಂಡತಿ ಗಂಡನ ಮುಖ ನೋಡಿದಳು. ಮೇಸ್ತ್ರಿ ನದಿ ನೋಡಿದ. ಅಕ್ಕನ ಕೈ ಮೇಜಿನ ನಡುವೆ ಒಂದು ಗಳಿಗೆ ಹಾಗೇ ನಿಂತು, ಮೆಲ್ಲನೆ ಹಿಂದೆ ಸರಿಯಿತು.

"ಒಳ್ಳೇದೇ ಆಯ್ತು ಬಿಡಪ್ಪ," ಎಂದಳು ಬಡಿಸುವವನಿಗೆ. "ಕಿತ್ತಾಡೋದು ತಪ್ತು."

ಅವಳು ತಲೆತಗ್ಗಿಸಿ ತಿನ್ನತೊಡಗಿದಳು. ಪುಟ್ಟಿಗೆ ಇದೊಂದೂ ತಿಳಿಯಲಿಲ್ಲ. ಅತ್ತೆಯ ತಟ್ಟೆಯಲ್ಲಿದ್ದ ಸೀಗಡಿ ತನ್ನ ಪಾಲಿನದಕ್ಕಿಂತ ದಪ್ಪಗೆ ಕಂಡಿತೋ ಏನೋ, ಕುರ್ಚಿಯಿಂದ ಅರ್ಧ ಎದ್ದು ಕಡ್ಡಿ ಚುಚ್ಚಿತು. ಬಾಯಿಗೆ ಹೋಗುವಷ್ಟರಲ್ಲಿ ಮೇಸ್ತ್ರಿಯ ಕೈ ಚಟ್ಟನೆ ಅದರ ಮಣಿಕಟ್ಟಿನ ಮೇಲೆ ಬಿತ್ತು. ಬೇಕೆಂದು ಹೊಡೆದದ್ದಲ್ಲ, ಹಾವು ತುಳಿದವನ ಕಾಲು ಹಿಂದಕ್ಕೆ ಬರುವ ಹಾಗೆ ಕೈ ತಾನಾಗಿ ಬೀಸಿತ್ತು. ಸೀಗಡಿ ಹಲಗೆಯ ಸಂದಿನಿಂದ ನದಿಗೆ ಬಿತ್ತು. ಮಗು ಬಾಯಿ ತೆರೆದುಕೊಂಡು ಅಪ್ಪನನ್ನು ನೋಡಿತು. ಆಮೇಲೆ ಅಳತೊಡಗಿತು.

"ನಿಮಗೇನು ಬುದ್ಧಿ ನೆಟ್ಟಗಿದೆಯೇನ್ರೀ?" ಎಂದಳು ಹೆಂಡತಿ. "ಡಾಕ್ಟರು ಹೇಳಿ ಎರಡೂವರೆ ವರ್ಷ ಆಯ್ತು."

"ನನಗೂ ಗೊತ್ತು. ಗೊತ್ತಿದ್ದೂ ಆಗಲ್ಲ, ಏನ್ ಮಾಡ್ಲಿ? ಮಗು ಕೆಮ್ಮಿದ್ರೆ ನನಗೆ ನಿದ್ದೆ ಬರಲ್ಲ." ಅವನು ಅಕ್ಕನ ಕಡೆ ತಿರುಗಿದ. "ನಿನ್ನ ಮೇಲೆ ಪ್ರೀತಿ ಇಲ್ಲ ಅಂತಲ್ಲ ಅಕ್ಕ. ಮಗು ವಿಷಯ ಅಂತ..."

ಅಕ್ಕ ಕಾಗದದ ಕರವಸ್ತ್ರದಿಂದ ಬಾಯಿ ಒರೆಸಿಕೊಂಡಳು.

"ರೋಗ ಇದೆ ಅಂತ ಗೊತ್ತಾಗೋಕೆ ಮುಂಚೆ ನಾಲ್ಕು ತಿಂಗಳು ಕೆಮ್ತಿದ್ದೆ. ಹತ್ತಿಯ ಧೂಳು ಅಂದ್ಕೊಂಡಿದ್ದೆ. ಆಗ ಪ್ರತಿ ಭಾನುವಾರ ಬಂದು ನನ್ನ ತಟ್ಟೆಯಿಂದಲೇ ಕಿತ್ಕೊಂಡು ತಿಂತಿದ್ದೆಯಲ್ಲೋ, ನೆನಪಿದೆಯಾ? ಹೆದರೋದಾದ್ರೆ ಆಗ ಹೆದರಬೇಕಿತ್ತು. ಆಗ ರೋಗ ಇತ್ತು, ನೀನೂ ಇದ್ದೆ. ಈಗ ರೋಗ ಹೋಯ್ತು, ಅದರ ಜೊತೆ ನೀನೂ ಹೋದೆ."

ಮೇಸ್ತ್ರಿ ನೀರಿನ ಲೋಟವನ್ನು ಅವಳ ಕಡೆ ಸರಿಸಿದ; ಅವಳು ಅದನ್ನು ಮುಟ್ಟಲಿಲ್ಲ.

"ನನಗೆ ತಟ್ಟೆ ಬೇರೆ ಇಡು, ಬೇಜಾರಿಲ್ಲ. ಆಸ್ಪತ್ರೆಯಲ್ಲಿ ಅಭ್ಯಾಸ ಆಗಿದೆ. ಆದ್ರೆ ಈ ಮಗೂಗೆ ಇವತ್ತು ಏನು ಕಲಿಸಿದೆ ಅಂತ ಮನೆಗೆ ಹೋಗಿ ಯೋಚನೆ ಮಾಡು." ಅವಳು ಚೀಲ ಹೆಗಲಿಗೇರಿಸಿ ಎದ್ದಳು. ಹೆಂಡತಿ ಅಳುವ ಮಗುವನ್ನು ಎತ್ತಿಕೊಂಡು, ಬಸ್ಸಿನವರೆಗೆ ಬಿಟ್ಟುಬರಲು ಅವಳ ಹಿಂದೆಯೇ ಹೋದಳು.

ಬಡಿಸುವವನು ತಟ್ಟೆ ತೆಗೆಯಲು ಬಂದಾಗ ಮೇಸ್ತ್ರಿ ಬೇಡ ಎಂದ. ಅಕ್ಕ ಬಿಟ್ಟುಹೋಗಿದ್ದ ಆಲೂಗಡ್ಡೆ, ಕಚ್ಚಿಟ್ಟ ಬ್ರೆಡ್ಡು, ಎಲ್ಲವನ್ನೂ ಒಬ್ಬನೇ ಕೂತು ತಿಂದ. ತಿಂದ ಮೇಲೆ ಅವನಿಗೆ ನಾಚಿಕೆಯಾಯಿತು. ಯಾರೂ ನೋಡದಾಗ ತಿಂದರೆ ಏನು ಬಂತು?

ಆ ವಾರವಿಡೀ ಪುಟ್ಟಿ ಮನೆಯಲ್ಲಿ ಯಾರ ತಟ್ಟೆಯನ್ನೂ ಮುಟ್ಟಲಿಲ್ಲ. ಅಮ್ಮ ತುತ್ತು ಕೊಡಲು ಬಂದರೆ, "ನನಗೆ ಬೇರೆ" ಎಂದು ತನ್ನ ತಟ್ಟೆಯನ್ನು ಮೇಜಿನ ಮೂಲೆಗೆ ಎಳೆದುಕೊಳ್ಳುತ್ತಿತ್ತು. ಗುರುವಾರ ಶಾಲೆಯಿಂದ ಟೀಚರ್ ಫೋನ್ ಮಾಡಿದರು. ಕೆಮ್ಮುತ್ತಿದ್ದ ಗೆಳತಿ ತನ್ನ ಬಿಸ್ಕತ್ತಿಗೆ ಕೈ ಹಾಕಿದಳೆಂದು ಪುಟ್ಟಿ ಅವಳ ಕೈಗೆ ಹೊಡೆದಿತ್ತಂತೆ. ಮೇಸ್ತ್ರಿ ಏಣಿಯ ಮೇಲೆ ನಿಂತೇ ಅದನ್ನು ಕೇಳಿದ.

ಶನಿವಾರ ಮಧ್ಯಾಹ್ನ ಅವನು ಪುಟ್ಟಿಯನ್ನು ಕರೆದುಕೊಂಡು ಬಟ್ಟೆ ಅಂಗಡಿಯ ಹಿಂಬದಿಗೆ ಹೋದ. ಅಕ್ಕ ಹೊಲಿಗೆ ಯಂತ್ರವನ್ನು ಪಕ್ಕಕ್ಕೆ ಸರಿಸಿ ಡಬ್ಬಿ ಬಿಚ್ಚಿದ್ದಳು. ಬ್ರೆಡ್ಡು, ಎರಡು ಬೇಯಿಸಿದ ಮೊಟ್ಟೆ. ತಮ್ಮನನ್ನು ಕಂಡೂ ಅವಳು ಏಳಲಿಲ್ಲ.

"ಅತ್ತೆ ಹತ್ರ ಹೋಗು," ಎಂದ ಅವನು ಮಗಳಿಗೆ. "ಅವರ ಡಬ್ಬೀಲೇ ತಿನ್ನು. ಅವತ್ತು ನಾನು ನಿನಗೆ ಹೊಡೆದದ್ದು ತಪ್ಪು, ಪುಟ್ಟಿ."

ಮಗು ಅಪ್ಪನ ಕೈಯನ್ನೊಮ್ಮೆ ನೋಡಿತು. ಅದು ಬೀಸುವುದಿಲ್ಲ ಎಂದು ನಂಬಿಕೆ ಬಂದ ಮೇಲೆ ಅತ್ತೆಯ ಮಗ್ಗುಲಿಗೆ ಹೋಗಿ ಕೂತಿತು. ಅಕ್ಕ ಮೊಟ್ಟೆ ಮುರಿದು ಅದರ ಬಾಯಿಗಿಟ್ಟಳು. ಉಳಿದರ್ಧ ತಾನು ತಿಂದಳು.

ಎದುರಿಗಿದ್ದ ಸ್ಟೂಲಿನ ಮೇಲೆ ಮೇಸ್ತ್ರಿಯೂ ಕೂತ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅಕ್ಕ ಅವನನ್ನು ಕರೆಯಲಿಲ್ಲ, ಡಬ್ಬಿಯನ್ನು ಅವನ ಕಡೆ ಸರಿಸಲೂ ಇಲ್ಲ. ಕೊನೆಯ ಬ್ರೆಡ್ಡಿನ ಚೂರನ್ನು ಪುಟ್ಟಿಗೆ ಕೊಟ್ಟು, ಮುಚ್ಚಳ ಹಾಕಿ, ಬಾಕಿಯಿದ್ದ ಅಂಗಿಯನ್ನು ಸೂಜಿಯ ಕೆಳಗಿಟ್ಟಳು.

"ನಾಳೆ ಬರ್ಲಾ ಅಕ್ಕ?" ಎಂದ.

"ಮಗೂನ ಕರ್ಕೊಂಡು ಬಾ," ಎಂದಳು ಅಕ್ಕ, ತಲೆಯೆತ್ತದೆ.