ಎದೆಗೆ ದೀಕ್ಷೆ

ಹೊಡೆದದ್ದು ತನ್ನ ಕೈಯೇ ಆಗಿದ್ದರೆ ಎದೆ ಇಷ್ಟು ತಣ್ಣಗೆ ಹೇಗಿತ್ತು? ರಾಯಾಪುರದ ಮನೆಯ ಪಡಸಾಲೆಯಲ್ಲಿ ಗೋಡೆಗೊರಗಿ ಕೂತ ಗುರುಬಸವ ಬೆಳಗಿನಿಂದ ಅದನ್ನೇ ತಿರುವಿ ಹಾಕುತ್ತಿದ್ದ. ತಂಬಿಗೆ ಹೆಂಡತಿಯ ಹಣೆಗೆ ಬಡಿದಾಗ, ಅವಳ ಕೂದಲು ಹಿಡಿದು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದಾಗ, ಎದೆ ನಿದ್ದೆಯಲ್ಲಿದ್ದಂತೆ ನಿಧಾನವಾಗಿ ಬಡಿಯುತ್ತಿತ್ತು. ರಕ್ತದ ಕೈ ತೊಳೆದು ಬಂದು ಕೂತ ಮೇಲೆಯೇ ಅದು ಓಡಲು ಶುರುಮಾಡಿದ್ದು. ಹೃದಯ ಕಸಿ ಮಾಡಿದ ಡಾಕ್ಟರರು ಮೊದಲೇ ಹೇಳಿದ್ದರು: ನರ ಕತ್ತರಿಸಿ ತಂದ ಹೃದಯ, ಮನಸ್ಸಿನ ಸುದ್ದಿ ಅದಕ್ಕೆ ತಡವಾಗಿ ಮುಟ್ಟುತ್ತದೆ.

ಜಗಳ ಮೆಂತ್ಯ ಸೊಪ್ಪಿನದು. ರೊಟ್ಟಿಯ ಜೊತೆ ಹಸಿ ಮೆಂತ್ಯ ಇಲ್ಲದೆ ಅವನಿಗೆ ಊಟ ಇಳಿಯುತ್ತಿರಲಿಲ್ಲ. ಕಸಿಯಾದ ಮೇಲೆ ಸೋಂಕಿನ ಭಯಕ್ಕೆ ಹಸಿಯದ್ದೆಲ್ಲ ಬಂದ್. ಅವನು ಹಟ ಹಿಡಿದು ಹಾಕಿಕೊಂಡ ಸೊಪ್ಪನ್ನು ದಾಕ್ಷಾಯಿಣಿ ತಾಟಿನಿಂದ ತೆಗೆದಿದ್ದಳು, ಅಷ್ಟೇ. ಹೋದ ತಿಂಗಳು ಗಬ್ಬೂರ ಬೈಪಾಸಿನಲ್ಲಿ ಹಾರ್ನ್ ಹೊಡೆದ ಆಟೋದವನನ್ನು ಹೊರಗೆಳೆದು ಹಲ್ಲು ಉದುರುವ ತನಕ ಗುದ್ದಿದ್ದ. ನಾಲ್ಕು ಮೆಟ್ಟಿಲಿಗೆ ಏದುಸಿರು ಬಿಡುತ್ತಿದ್ದವನು ಈಗ ಮಾಳಿಗೆಗೆ ಓಡಿ ಹತ್ತುತ್ತಾನೆಂದು ಅವನು ವ್ಯಾಪಾರ ಮಾಡುವ ಹತ್ತಿ ಪೇಟೆಯಲ್ಲಿ ಎಲ್ಲರೂ ಹಿಗ್ಗುತ್ತಿದ್ದರು.

ಕರೆದೊಯ್ಯಲು ಬಂದ ದಾಕ್ಷಾಯಿಣಿಯ ಅಣ್ಣ ಒಳಗೆ ಬರದೆ ಅಂಗಳದಲ್ಲಿ ಬೈಕಿನ ಮೇಲೆ ಕೂತಿದ್ದ. ಹೊಡೆದದ್ದು ಆ ಪರರ ಹೃದಯವಲ್ಲ, ಗಂಡನೇ ಎಂದು ತನಗೆ ಖಾತ್ರಿಯಾದ ಕ್ಷಣ ಹೊರಡುತ್ತೇನೆ ಎಂದು ಅವನಿಗೆ ಹೇಳಿ, ಅವಳು ಮನೆತನದ ಗುರು ಮಹಾಂತಯ್ಯನವರನ್ನು ಕರೆಸಿದ್ದಳು.

"ಅಯ್ಯಾರ, ಇವ್ರ ಮೈಗೆ ಲಿಂಗದೀಕ್ಷಾ ಆಗೇತ್ರಿ. ಒಳಗ ಕುಂತ ಎದಿಗೆ ಆಗಿಲ್ಲ. ಯಾರದೋ, ಎಂಥಾವಂದೋ. ಅದಕ್ಕೂ ಕೊಟ್ಟುಬಿಡ್ರಿ."

ಮಹಾಂತಯ್ಯನವರಿಗೆ ನಗು ಬಂತು. "ಹಿಂಗಾದ್ರ ನಾಳಿ ಕಿಡ್ನಿ ಹಾಕಿಸ್ಕೊಂಡಾವ್ರೂ ಬಂದು ಕುಂದರ್ತಾರವಾ."

ಅವಳು ಸೆರಗು ಸರಿಸಿದಳು. ಎಡಗಣ್ಣು ಬಾತು ಮುಚ್ಚಿಹೋಗಿತ್ತು. ಹಣೆಯ ಬಟ್ಟೆಯಲ್ಲಿ ರಕ್ತ ಇನ್ನೂ ಜಿನುಗುತ್ತಿತ್ತು. ಅವರ ನಗು ಅಲ್ಲಿಗೇ ನಿಂತಿತು.

"ಖರೇ ಹೇಳವಾ, ಮೊದಲ ಹೊಡೀತಿದ್ದಿಲ್ಲೇನು?"

"ಇರಿವಿ ತುಳದಾವ್ರಲ್ರಿ. ಬ್ಯಾನಿ ಇದ್ದಾಗ ನಾ ಬ್ಯಾಸತ್ತು ಏನ ಅಂದ್ರೂ, ಸುಮ್ನ ನನ್ನ ಮಾರಿ ನೋಡ್ಕೋತ ಕುಂದರ್ತಿದ್ರು."

ಗುರುಬಸವ ಅಂಗಿಯ ಗುಂಡಿ ಬಿಚ್ಚಿದ. ಗಂಟಲಿನಿಂದ ಕೆಳಗಿಳಿದ ಹೊಲಿಗೆಯ ಗುರುತಿನ ಮೇಲೆ ಮಹಾಂತಯ್ಯ ವಿಭೂತಿ ಹಚ್ಚಿದರು. ಲಿಂಗವನ್ನು ಅವನ ಎಡಗೈಯಲ್ಲಿಟ್ಟರು. ಗುಳಿಗೆಗಳಿಂದಾಗಿ ಕೈ ನಡುಗುತ್ತಿತ್ತು. ದಾಕ್ಷಾಯಿಣಿ ಕೆಳಗಿನಿಂದ ಅದನ್ನು ಹಿಡಿದಳು. ಅವಳ ಉಗುರುಗಳಲ್ಲಿ ರಕ್ತ ಕಪ್ಪಗೆ ಒಣಗಿತ್ತು.

ಕಿವಿಗೆ ಮಂತ್ರ ಹೇಳಲು ಬಗ್ಗಿದ ಮಹಾಂತಯ್ಯ ತಡೆದು, ಅವನಿಗಷ್ಟೇ ಕೇಳುವಂತೆ ಕೇಳಿದರು: "ನಿಂದೇನರ ಹೇಳೂದೈತೇನಪಾ?"

ಅವಳ ತೆರೆದ ಒಂದು ಕಣ್ಣು ಅವನ ಮುಖದ ಮೇಲೇ ಇತ್ತು. ಗುರುಬಸವ ಇಲ್ಲವೆಂದು ತಲೆಯಾಡಿಸಿದ.

ಮಂತ್ರ ಮುಗಿಯಿತು. ದಾಕ್ಷಾಯಿಣಿ ಬಾಗಿಲಿಗೆ ಹೋಗಿ, ಅಣ್ಣನಿಗೆ ತಾನು ಬರುವುದಿಲ್ಲವೆಂದು ಹೇಳಿದಳು. ಬೈಕು ಹೊರಟ ಸದ್ದು ಧಾರವಾಡ ರಸ್ತೆಯ ಸದ್ದಿನಲ್ಲಿ ಕರಗಿತು. ಅವಳು ಒಳಗೆ ಬಂದು, ಗೋಡೆ ಹಿಡಿದು, ಚೌಕಟ್ಟಿನ ಮೇಲಿನ ಕಲೆ ಒರೆಸತೊಡಗಿದಳು. ಆಗ ಗುರುಬಸವನ ಎದೆ ಓಡಲು ಶುರುಮಾಡಿತು.

ಬೇನೆಯ ಆ ವರ್ಷಗಳಲ್ಲಿ ಅವಳ ಮುಖ ನೋಡುತ್ತ ಕೂತಾಗಲೆಲ್ಲ ತಾನು ಮನಸ್ಸಿನಲ್ಲಿ ಅವಳನ್ನು ಹೊಡೆಯುತ್ತಲೇ ಇದ್ದೆ, ಕೈಯೆತ್ತಲು ಉಸಿರು ಸಾಲುತ್ತಿರಲಿಲ್ಲ ಅಷ್ಟೇ ಎಂಬುದನ್ನು ಗುರುಬಸವ ಎಂದೂ ಹೇಳಲಿಲ್ಲ.